ಬರ್ಫಿನ ಮೇಲೆ ಎಡಕ್ಕೆ ತಿರುಗುವುದು

ಕಲಬುರಗಿಯಲ್ಲಿ ಬರ್ಫಿಗೆ ಆಯುಷ್ಯ ಬಹಳ ಕಡಿಮೆ. ಕಬ್ಬಿನ ಹಾಲಿನ ಲೋಟಕ್ಕೆ ಹಾಕಿದ ತುಂಡು ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಕಾಣೆಯಾಗುತ್ತದೆ. ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಕೂತುಕೊಂಡೇ, ಇಡೀ ಅಂಗಳ ಬರ್ಫಾಗಿರುವ ಒಂದು ಆಟದ ಬಗ್ಗೆ ನಿಮ್ಮ ಜೊತೆ ಮಾತಾಡಬೇಕೆಂದು ನನಗೆ ಬಹಳ ದಿನದ ಆಸೆ. ಅದರ ಹೆಸರು ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್. ಹೆಸರು ಉದ್ದ, ಓಡುವ ಹಾದಿ ಗಿಡ್ಡ.

ಅಡಿಯಲ್ಲಿ ಉದ್ದನೆಯ ಬ್ಲೇಡು ಇರುವ ಬೂಟು ಹಾಕಿಕೊಂಡು ನಾಲ್ಕೈದು ಜನ ಒಟ್ಟಿಗೆ ಹೊರಡುತ್ತಾರೆ. ಬರ್ಫಿನ ಅಂಗಳವನ್ನು ಸುತ್ತು ಹಾಕುತ್ತಾರೆ. ಮೊದಲು ಮುಗಿಸಿದವರು ಗೆದ್ದಂತೆ. ನಿಯಮ ಹೆಚ್ಚುಕಡಿಮೆ ಇಷ್ಟೇ. ಆದರೆ ಅದರೊಳಗೆ ಒಂದು ಒಗಟು ಕೂತಿದೆ. ಕಾಲಿಟ್ಟರೆ ಜಾರುವ ನೆಲದ ಮೇಲೆ, ಅದೂ ಬಸ್ಸಿನ ವೇಗದಲ್ಲಿ, ತಿರುಗುವುದು ಹೇಗೆ? ಬನ್ನಿ, ಕೂಡಿ ಬಿಡಿಸೋಣ.

ಮೊದಲು ಹಾದಿಯನ್ನು ಕಣ್ಣಾರೆ ನೋಡಬೇಕು. ಕಲಬುರಗಿ ಹತ್ತಿರದ ಕಮಲಾಪುರದಲ್ಲಿರುವವರು ನಿಮ್ಮ ಶಾಲೆಯ ಮೈದಾನಕ್ಕೇ ನಡೆಯಿರಿ. ಎರಡು ಗೂಟ, ಒಂದು ಹಗ್ಗ, ಆಟೋಟದ ದಿನ ಗೆರೆ ಎಳೆಯಲು ತರುತ್ತಾರಲ್ಲ, ಆ ಸುಣ್ಣದ ಪುಡಿ ಸಾಕು. ಎರಡು ಗೂಟಗಳನ್ನು 28.85 ಮೀಟರು ಅಂತರದಲ್ಲಿ ನೆಡಿ. ಪ್ರತಿ ಗೂಟಕ್ಕೂ 8 ಮೀಟರಿನ ಹಗ್ಗ ಕಟ್ಟಿ, ಬಿಗಿಯಾಗಿ ಹಿಡಿದು, ಹೊರಬದಿಗೆ ಒಂದೊಂದು ಅರ್ಧ ವೃತ್ತ ಎಳೆಯಿರಿ. ಎರಡೂ ಅರ್ಧ ವೃತ್ತಗಳ ತುದಿಗಳನ್ನು ನೇರ ಗೆರೆಗಳಿಂದ ಸೇರಿಸಿ. ಮೊಟ್ಟೆಯಾಕಾರದ ಒಂದು ಅಂಗಳ ಮೂಡುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಓಡುವ ಹಾದಿಯ ಒಳ ಅಂಚು ಅದೇ.

ಆ ಅಂಚಿನಿಂದ ಅರ್ಧ ಮೀಟರು ಹೊರಗೆ ಅಳೆದರೆ ಒಂದು ಸುತ್ತಿಗೆ 111.12 ಮೀಟರು ಬರುತ್ತದೆ. ದೊಡ್ಡ ಕ್ರೀಡಾಂಗಣಗಳಲ್ಲಿ ಓಟದ ಹಾದಿ 400 ಮೀಟರು ಇರುತ್ತದೆ. ಇದು ಅದರ ಕಾಲುಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. 60 ಮೀಟರು ಉದ್ದ, 30 ಮೀಟರು ಅಗಲದ ಬರ್ಫಿನ ಅಂಗಳದಲ್ಲಿ ಇದು ಹಿಡಿಸುತ್ತದೆ. ಬರ್ಫಿನ ಮೇಲೆ ಸುಣ್ಣದ ಗೆರೆ ಇರುವುದಿಲ್ಲ. ಒಂದೊಂದು ತಿರುವಿಗೆ ಏಳೇಳು ಕಪ್ಪು ರಬ್ಬರಿನ ಗುಬುಟುಗಳನ್ನು ಇಟ್ಟಿರುತ್ತಾರೆ. ಅವುಗಳ ಹೊರಗಿನಿಂದಲೇ ಸುತ್ತಬೇಕು, ಒಳಗಿನಿಂದ ನುಸುಳುವಂತಿಲ್ಲ.

ಈಗ ಓಡಿ ನೋಡಿ, ಎಡಗಡೆಗೆ ತಿರುಗುತ್ತ. ಒಂದು ಸಂಗತಿ ನಿಮ್ಮ ಕಾಲಿಗೇ ಗೊತ್ತಾಗುತ್ತದೆ: ಈ ಹಾದಿಯಲ್ಲಿ ನೇರ ದಾರಿ ಎಂಬುದು ಹೆಸರಿಗೆ ಮಾತ್ರ. ಒಂದು ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಎದುರಿಗೆ ಬಂದಿರುತ್ತದೆ. ಗಂಡಸರ 500 ಮೀಟರು ಓಟಕ್ಕೆ ನಾಲ್ಕೂವರೆ ಸುತ್ತು, 1000 ಮೀಟರಿಗೆ ಒಂಬತ್ತು, 1500 ಮೀಟರಿಗೆ ಹದಿಮೂರೂವರೆ. ಒಂಬತ್ತು ಸುತ್ತೆಂದರೆ ಹದಿನೆಂಟು ತಿರುವು. ಓಟ ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಈ ತಿರುವುಗಳಲ್ಲೇ.

ವೇಗ ಎಷ್ಟಿರಬಹುದು? 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಚೀನಾದ ವೂ ದಾಜಿಂಗ್ 500 ಮೀಟರನ್ನು 39.584 ಸೆಕೆಂಡಿನಲ್ಲಿ ಮುಗಿಸಿದರು. ನೀವೇ ಭಾಗಿಸಿ ನೋಡಿ, ಸೆಕೆಂಡಿಗೆ ಹನ್ನೆರಡೂವರೆ ಮೀಟರು ದಾಟುತ್ತದೆ. ತಾಸಿಗೆ 45 ಕಿಲೋಮೀಟರು. ಆ ವೇಗದಲ್ಲಿ ಸುಸ್ತಾಗದೆ ಹೋಗಬಲ್ಲವರು ಇದ್ದಿದ್ದರೆ, ಕಲಬುರಗಿಯಿಂದ ಕಮಲಾಪುರಕ್ಕೆ ಒಂದು ತಾಸಿನೊಳಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿದವರ ಜೊತೆ ಚಹಾ ಕುಡಿಯಬಹುದಿತ್ತು. ಮೋಟಾರು ಇಲ್ಲ, ಪೆಡಲು ಇಲ್ಲ. ಎರಡು ಕಾಲು, ಎರಡು ಬ್ಲೇಡು.

ಇಷ್ಟು ವೇಗ ಸಾಧ್ಯವಾಗಿರುವುದು ಬರ್ಫು ಜಾರುವುದರಿಂದ. ಸರಿ, ಬರ್ಫು ಜಾರುವುದಾದರೂ ಏಕೆ? ಇದು ನೋಡಲು ಸಣ್ಣ ಪ್ರಶ್ನೆ. ದೊಡ್ಡ ದೊಡ್ಡ ವಿಜ್ಞಾನಿಗಳು ಇದರ ಮೇಲೆ ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ತಲೆ ಕೆಡಿಸಿಕೊಂಡಿದ್ದಾರೆ, ಇವತ್ತಿಗೂ ಅದರ ಬಗ್ಗೆ ಹೊಸ ಹೊಸ ಪ್ರಯೋಗಗಳು ನಡೆಯುತ್ತಿವೆ. ನೀವೂ ಒಂದು ಪ್ರಯೋಗ ಮಾಡಬಹುದು. ಖರ್ಚಿಲ್ಲ.

ಫ್ರಿಜ್ಜಿನಿಂದ ಎರಡು ಬರ್ಫಿನ ತುಂಡು ತೆಗೆದು ತಟ್ಟೆಯಲ್ಲಿಡಿ. ಮೈ ಒದ್ದೆಯಾಗಿ ಹೊಳೆಯತೊಡಗುವವರೆಗೆ ಕಾಯಿರಿ. ನಮ್ಮಲ್ಲಿ ಬಹಳ ಹೊತ್ತು ಕಾಯಬೇಕಾಗಿಲ್ಲ. ಈಗ ಒಂದರ ಮೇಲೊಂದು ಒತ್ತಿ ಹಿಡಿದು, ಬಿಡಿ. ಮೇಲಿನ ತುಂಡನ್ನು ಎತ್ತಿದರೆ ಕೆಳಗಿನದೂ ಜೊತೆಗೆ ಬರುತ್ತದೆ. ಕರಗುತ್ತಿದ್ದ ಎರಡು ತುಂಡುಗಳು ಅಂಟಿಕೊಂಡು ಒಂದಾದವು! ಬಿಸಿ ಕೋಣೆಯಲ್ಲಿ ನೀರು ಮತ್ತೆ ಗಟ್ಟಿಯಾದದ್ದು ಹೇಗೆ ಅಂತ ಒಂದು ಗಳಿಗೆ ಆಶ್ಚರ್ಯಪಡಿ. ಅವಸರವಿಲ್ಲ.

ಇದೇ ಪ್ರಯೋಗವನ್ನು 1850ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಮಾಡಿ ತೋರಿಸಿದರು. ವಿದ್ಯುತ್ತಿನ ಪಾಠದಲ್ಲಿ ಬರುವ ಫ್ಯಾರಡೆಯೇ ಅವರು. ಮಕ್ಕಳಿಗೆ ವಿಜ್ಞಾನ ಹೇಳುವುದೆಂದರೆ ಅವರಿಗೆ ಪಂಚಪ್ರಾಣ. ಅವರು ಊಹಿಸಿದ್ದು ಹೀಗೆ: ಬರ್ಫಿನ ಒಡಲು ಗಟ್ಟಿ, ಆದರೆ ಅದರ ಹೊರಮೈ ಮೇಲೆ ಬಹಳ ತೆಳ್ಳಗೆ ನೀರಿನಂಥ ಒಂದು ಪೊರೆ ಇರುತ್ತದೆ. ಎರಡು ತುಂಡು ಒತ್ತಿದಾಗ ಆ ಪೊರೆ ಹೊರಮೈ ಆಗಿ ಉಳಿಯುವುದಿಲ್ಲ, ನಡುವೆ ಸಿಕ್ಕಿಬೀಳುತ್ತದೆ. ಅದಕ್ಕೇ ಗಟ್ಟಿಯಾಗಿಬಿಡುತ್ತದೆ.

ಒಡಲೊಳಗಿನ ನೀರಿನ ಕಣಕ್ಕೆ ಸುತ್ತಲೂ, ಮೇಲೂ ಕೆಳಗೂ ಅಕ್ಕಪಕ್ಕದವರ ಹಿಡಿತ ಇರುತ್ತದೆ. ಹೊರಮೈ ಕಣಕ್ಕೆ ಮೇಲ್ಬದಿಯಲ್ಲಿ ಹಿಡಿಯುವವರೇ ಇಲ್ಲ. ಆದ್ದರಿಂದ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗಲೂ ಹೊರಮೈ ಕಣಗಳು ಸ್ವಲ್ಪ ಸಡಿಲವಾಗಿ ಅಲ್ಲಾಡುತ್ತಿರುತ್ತವೆ. ಬ್ಲೇಡು ಉಜ್ಜಿಕೊಂಡು ಹೋಗುವಾಗ ಹುಟ್ಟುವ ಬಿಸಿಯೂ ಅದಕ್ಕೆ ಸೇರುತ್ತದೆ. ಅಂಗೈ ಉಜ್ಜಿದರೆ ಬೆಚ್ಚಗಾಗುತ್ತದಲ್ಲ, ಅದೇ ಬಿಸಿ.

ಹಳೆಯ ಕೆಲವು ಪುಸ್ತಕಗಳಲ್ಲಿ ಬೇರೆ ಉತ್ತರ ಕಂಡರೆ ಗಾಬರಿಯಾಗಬೇಡಿ. ಸ್ಕೇಟರ್‌ನ ಭಾರವೆಲ್ಲ ತೆಳ್ಳನೆ ಬ್ಲೇಡಿನ ಮೇಲೆ ಬಿದ್ದು, ಆ ಒತ್ತಡಕ್ಕೆ ಬರ್ಫು ಕರಗುತ್ತದೆ ಎಂದು ಬರೆದಿರುತ್ತಾರೆ. ಒತ್ತಡಕ್ಕೆ ಬರ್ಫು ಬೇಗ ಕರಗುವುದು ನಿಜವೇ. ಆದರೆ ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 130 ಪಟ್ಟು ಬೇಕು. ಸ್ಕೇಟಿಂಗ್ ಅಂಗಳದ ಬರ್ಫು ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗಿರುತ್ತದೆ. ಲೆಕ್ಕ ಕೂಡುವುದಿಲ್ಲ. ಅದೂ ಅಲ್ಲದೆ, ಅಗಲ ಅಟ್ಟೆಯ ಚಪ್ಪಲಿ ಹಾಕಿದವರೂ ಬರ್ಫಿನ ಮೇಲೆ ಜಾರಿ ಬೀಳುತ್ತಾರೆ. ಅವರ ಕಾಲಡಿ ಯಾವ ಒತ್ತಡವಿತ್ತು?

ಇನ್ನು ತಿರುವಿನ ಮಾತಿಗೆ ಬರೋಣ. ಕಲಬುರಗಿಯಿಂದ ಹುಮನಾಬಾದಿನ ಕಡೆ ಹೋಗುವ ಬಸ್ಸು ಹತ್ತಿದ್ದೀರಿ ಅಂದುಕೊಳ್ಳಿ. ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿಯೊಂದು ಸೀಟುಗಳ ನಡುವಿನ ದಾರಿಯಲ್ಲಿದೆ. ಬಸ್ಸು ಎಡಕ್ಕೆ ತಿರುಗಿತು. ಬುಟ್ಟಿ ಬಲಕ್ಕೆ ಸರಿಯಿತು, ನಿಮ್ಮ ಭುಜವೂ ಬಲಕ್ಕೆ ವಾಲಿತು. ಯಾರೋ ಬಲಕ್ಕೆ ನೂಕಿದ ಹಾಗೆ ಅನ್ನಿಸುತ್ತದೆ. ನಿಜವಾಗಿ ಯಾರೂ ನೂಕಿಲ್ಲ. ಬುಟ್ಟಿ ನೇರವಾಗಿ ಹೋಗುತ್ತಿತ್ತು, ನೇರವಾಗಿಯೇ ಹೋಗಲು ನೋಡಿತು. ಅದರ ಕೆಳಗಿನ ಬಸ್ಸು ಎಡಕ್ಕೆ ಹೊರಳಿಕೊಂಡಿತು, ಅಷ್ಟೇ.

ಚಲಿಸುವ ಎಲ್ಲ ವಸ್ತುಗಳ ಸ್ವಭಾವ ಇದೇ. ಅದರ ಪಾಡಿಗೆ ಬಿಟ್ಟರೆ ನೇರ ಹೋಗುತ್ತದೆ. ಎಡಕ್ಕೆ ತಿರುಗಬೇಕಾದರೆ ಯಾರಾದರೂ, ಏನಾದರೂ, ಎಡಕ್ಕೆ ತಳ್ಳುತ್ತಲೇ ಇರಬೇಕು. ಒಂದು ಸಲ ತಳ್ಳಿ ಬಿಟ್ಟರೆ ಸಾಲದು, ತಿರುವು ಮುಗಿಯುವವರೆಗೂ ತಳ್ಳಬೇಕು. ಬಸ್ಸಿಗೆ ಆ ತಳ್ಳುವಿಕೆಯನ್ನು ರಸ್ತೆ ಕೊಡುತ್ತದೆ, ಟೈರಿನ ಹಿಡಿತದ ಮೂಲಕ. ಮಳೆಗಾಲದ ಕೆಸರಿನಲ್ಲಿ ಆ ಹಿಡಿತ ತಪ್ಪಿದರೆ ಗಾಡಿ ತಿರುಗದೆ ನೇರ ಹೊಲಕ್ಕೆ ನುಗ್ಗುತ್ತದೆ.

ರೈಲಿಗೆ ಇನ್ನೊಂದು ಉಪಾಯ ಮಾಡಿದ್ದಾರೆ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲುಮಾರ್ಗ ಕಮಲಾಪುರದ ಮೇಲೆಯೇ ಹೋಗುತ್ತದೆ. ಹಳಿಗಳು ಬಾಗುವ ಕಡೆ ದೂರದಿಂದ ಗಮನವಿಟ್ಟು ನೋಡಿ (ಹಳಿಯ ಹತ್ತಿರ ಹೋಗಬೇಡಿ, ಇದನ್ನು ಹಿರಿಯನಾಗಿ ಹೇಳುತ್ತಿದ್ದೇನೆ). ತಿರುವಿನ ಹೊರಗಿನ ಹಳಿ ಒಳಗಿನದಕ್ಕಿಂತ ಸ್ವಲ್ಪ ಎತ್ತರದಲ್ಲಿರುತ್ತದೆ. ನೆಲವೇ ಒಳಕ್ಕೆ ವಾಲಿದೆ. ರೈಲು ಆ ವಾಲಿದ ಹಾಸಿನ ಮೇಲೆ ಒರಗಿಕೊಂಡು ತಿರುಗುತ್ತದೆ. ಸೈಕಲ್ ರೇಸಿನ ದೊಡ್ಡ ಅಂಗಳಗಳಲ್ಲೂ ತಿರುವಿನ ನೆಲವನ್ನು ಗೋಡೆಯಂತೆ ಎತ್ತರಿಸಿ ಕಟ್ಟುತ್ತಾರೆ.

ಬರ್ಫಿನ ಅಂಗಳದಲ್ಲಿ ಈ ಉಪಾಯ ನಡೆಯುವುದಿಲ್ಲ. ಏಕೆ ಹೇಳಿ? ಆ ಅಂಗಳ ಮಾಡುವುದು ನೀರು ಹೊಯ್ದು. ನೀರು ಎತ್ತರ ತಗ್ಗು ಬಿಟ್ಟುಕೊಡುವುದಿಲ್ಲ, ಸಮನಾಗಿ ಹರಡಿಯೇ ನಿಲ್ಲುತ್ತದೆ. ಹಾಗೆ ನಿಂತದ್ದೇ ಗಟ್ಟಿಯಾಗುತ್ತದೆ. ಹೀಗಾಗಿ ಅಂಗಳ ಕನ್ನಡಿಯಷ್ಟು ಮಟ್ಟ. ನೆಲ ವಾಲಲು ಒಪ್ಪದಿದ್ದ ಮೇಲೆ ಉಳಿದದ್ದು ಒಂದೇ ದಾರಿ: ಓಡುವವನೇ ವಾಲಬೇಕು. ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದು.

ವಾಲುವುದು ನಿಮಗೇನೂ ಹೊಸದಲ್ಲ. ಸೈಕಲ್ ಮೇಲೆ ಜೋರಾಗಿ ಬಂದು ಓಣಿಯ ಮೂಲೆಯಲ್ಲಿ ಎಡಕ್ಕೆ ಹೊರಳುವಾಗ ನಿಮ್ಮ ಮೈ ತಾನಾಗಿಯೇ ಎಡಕ್ಕೆ ಬಾಗುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ನೆಟ್ಟಗೆ ಕೂತೇ ತಿರುಗಲು ಹೋದರೆ ಏನಾಗುತ್ತದೆ? ಗಾಲಿಗಳು ಎಡಕ್ಕೆ ಹೋಗುತ್ತವೆ, ತಲೆ ಮತ್ತು ಭುಜ ಬುಟ್ಟಿಯ ಹಾಗೆ ನೇರ ಹೋಗಲು ನೋಡುತ್ತವೆ. ಕಾಲಡಿಯ ಚಾಪೆ ಎಳೆದಂತಾಗಿ ಬಲಕ್ಕೆ ಬೀಳುತ್ತೀರಿ. ಅದಕ್ಕೇ ಮೈ ಮೊದಲೇ ಎಡಕ್ಕೆ ವಾಲುತ್ತದೆ. ಭೂಮಿ ಅದನ್ನು ಎಡಕ್ಕೆ ಬೀಳಿಸಲು ಎಳೆಯುತ್ತದೆ, ತಿರುವು ಅದನ್ನು ಬಲಕ್ಕೆ ಬೀಳಿಸಲು ನೋಡುತ್ತದೆ. ಎರಡೂ ಸರಿಸಮವಾದರೆ ಬೀಳುವುದೇ ಇಲ್ಲ.

ಬರ್ಫಿನ ಮೇಲೆ ಎಷ್ಟು ವಾಲಬೇಕು? ಇದಕ್ಕೊಂದು ಸುಲಭ ಲೆಕ್ಕವಿದೆ. ವೇಗವನ್ನು ಅದೇ ವೇಗದಿಂದ ಗುಣಿಸಿ, ತಿರುವಿನ ತ್ರಿಜ್ಯದಿಂದ ಭಾಗಿಸಬೇಕು. ವೇಗ ಸೆಕೆಂಡಿಗೆ 12 ಮೀಟರು, ತಿರುಗುವ ವೃತ್ತದ ತ್ರಿಜ್ಯ 10 ಮೀಟರು ಅಂತಿಟ್ಟುಕೊಳ್ಳಿ. ಹನ್ನೆರಡು ಹನ್ನೆರಡಲೆ 144, ಅದನ್ನು ಹತ್ತರಿಂದ ಭಾಗಿಸಿದರೆ 14.4. ಭೂಮಿಯ ಎಳೆತಕ್ಕೆ ಇಂಥದೇ ಅಂಕಿ 9.8. ಅಂದರೆ ಪಕ್ಕಕ್ಕೆ ಬೇಕಾದ ತಳ್ಳುವಿಕೆ ಮೈಭಾರದ ಸುಮಾರು ಒಂದೂವರೆ ಪಟ್ಟು.

ಅರವತ್ತು ಕಿಲೋ ತೂಗುವ ಹುಡುಗನಿಗೆ ತೊಂಬತ್ತು ಕಿಲೋ ಭಾರದಷ್ಟು ತಳ್ಳುವಿಕೆ ಪಕ್ಕದಿಂದ ಬೇಕು. ಅವನ ಸ್ವಂತ ಅರವತ್ತು ಕಿಲೋ ಕೆಳಮುಖವಾಗಿ ಇದ್ದೇ ಇದೆ. ಎರಡನ್ನೂ ಒಟ್ಟಿಗೆ ತಾಳಿಕೊಳ್ಳುವ ಕಾಲಿಗೆ ನೂರೆಂಟು ಕಿಲೋ ಹೊತ್ತ ಅನುಭವ. ಅದೂ ಒಂದೇ ಕಾಲು, ಅದೂ ಮೊಣಕಾಲು ಮಡಿಸಿಕೊಂಡು. ಈಗ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತೆಗೆಯಿರಿ. ನೆಟ್ಟಗೆ ನಿಂತವರು ನೆಲಕ್ಕೆ 90 ಡಿಗ್ರಿಯಲ್ಲಿರುತ್ತಾರೆ. ನಮ್ಮ ಹುಡುಗ ಬರ್ಫಿಗೆ ಸುಮಾರು 34 ಡಿಗ್ರಿಯಲ್ಲಿರಬೇಕು. ಒಂದು ಪೆನ್ಸಿಲನ್ನು ಆ ಕೋನದಲ್ಲಿ ಹಿಡಿದು ನೋಡಿ. ನಿಂತದ್ದಕ್ಕಿಂತ ಮಲಗಿದ್ದೇ ಹೆಚ್ಚು!

ವೇಗವನ್ನು ವೇಗದಿಂದಲೇ ಗುಣಿಸಿದ್ದನ್ನು ಮರೆಯಬೇಡಿ. ವೇಗ ಎರಡು ಪಟ್ಟಾದರೆ ಬೇಕಾದ ತಳ್ಳುವಿಕೆ ನಾಲ್ಕು ಪಟ್ಟಾಗುತ್ತದೆ. ತಿರುವಿನಲ್ಲಿ ಸ್ವಲ್ಪವೇ ಆಸೆಬುರುಕತನ ಮಾಡಿದರೂ ಬೆಲೆ ಕೊಡಬೇಕಾಗುವುದು ಇದಕ್ಕೇ. ಸೈಕಲ್ ಓಡಿಸುವಾಗಲೂ ಈ ಲೆಕ್ಕ ಜೊತೆಗಿರಲಿ.

ಇನ್ನೊಂದು ಗಂಟು ಉಳಿಯಿತು. ಬರ್ಫು ಜಾರುತ್ತದೆ ಅಂದೆವು. ಜಾರುವ ಬರ್ಫು ಪಕ್ಕಕ್ಕೆ ಅಷ್ಟು ಬಲವಾಗಿ ತಳ್ಳುವುದು ಹೇಗೆ? ಉತ್ತರ ಬ್ಲೇಡಿನ ಅಂಚಿನಲ್ಲಿದೆ. ಬ್ಲೇಡು ನಲವತ್ತು ಸೆಂಟಿಮೀಟರಿಗಿಂತ ಉದ್ದ, ದಪ್ಪ ಮಾತ್ರ ಸುಮಾರು ಒಂದು ಮಿಲಿಮೀಟರು. ಉದ್ದಕ್ಕೆ ಅದು ಸಲೀಸಾಗಿ ಜಾರುತ್ತದೆ. ವಾಲಿದಾಗ ಅದರ ಅಂಚು ಬರ್ಫನ್ನು ಕೊರೆದು ಸಣ್ಣ ಸಾಲು ಮಾಡುತ್ತದೆ. ಆ ಸಾಲಿನ ಗೋಡೆ ಬ್ಲೇಡು ಹೊರಕ್ಕೆ ಸರಿಯದ ಹಾಗೆ ಆನಿಸಿ ಹಿಡಿಯುತ್ತದೆ. ಮುಂದಕ್ಕೆ ಜಾರು, ಪಕ್ಕಕ್ಕೆ ಹಿಡಿತ. ಒಂದೇ ಬರ್ಫು ಎರಡೂ ಕೆಲಸ ಮಾಡುತ್ತದೆ.

ಓಟ ಯಾವಾಗಲೂ ಎಡಕ್ಕೇ ಆದ್ದರಿಂದ ಬೂಟನ್ನೂ ಎಡಕ್ಕೇ ಹೊಂದಿಸಿರುತ್ತಾರೆ. ಬ್ಲೇಡನ್ನು ಬೂಟಿನ ನಟ್ಟನಡುವೆ ಕೂಡಿಸದೆ ಸ್ವಲ್ಪ ಎಡಕ್ಕೆ ಸರಿಸಿ ಕೂಡಿಸುತ್ತಾರೆ. ಇಲ್ಲದಿದ್ದರೆ ಅಷ್ಟು ವಾಲಿದಾಗ ಬೂಟಿನ ಮೈಯೇ ಬರ್ಫಿಗೆ ತಾಗಿ, ಬ್ಲೇಡು ಮೇಲೆದ್ದು, ಕಥೆ ಮುಗಿಯುತ್ತದೆ. ಬ್ಲೇಡನ್ನೂ ತಿರುವಿಗೆ ಒಪ್ಪುವ ಹಾಗೆ ತುಸು ಬಾಗಿಸಿರುತ್ತಾರೆ. ಬಲಕ್ಕೆ ತಿರುಗುವ ಓಟ ಇಟ್ಟರೆ ಈ ಬೂಟು ದಂಡ.

ಟೀವಿಯಲ್ಲಿ ಈ ಓಟ ಕಂಡರೆ ಅವರ ಎಡಗೈ ಮೇಲೆ ಕಣ್ಣಿಡಿ. ತಿರುವಿನಲ್ಲಿ ಬೆರಳ ತುದಿಗಳು ಬರ್ಫನ್ನು ಸವರಿಕೊಂಡು ಹೋಗುತ್ತವೆ. ಕೈಗವುಸಿನ ಬೆರಳ ತುದಿಗೆ ನುಣುಪಾದ ಗಟ್ಟಿ ಟೋಪಿಗಳಿರುತ್ತವೆ, ಬಟ್ಟೆಯಾದರೆ ಬರ್ಫಿಗೆ ಸಿಕ್ಕಿ ಎಳೆಯುತ್ತದೆ. ಆ ಕೈ ಮೈಭಾರ ಹೊರುವುದಿಲ್ಲ. ಎಷ್ಟು ವಾಲಿದ್ದೇನೆ ಎಂಬ ಸುದ್ದಿ ತರುತ್ತದೆ, ಬೇಕಾದರೆ ಚೂರು ಆಸರೆಯಾಗುತ್ತದೆ.

ಎಲ್ಲರೂ ಅದೇ ತಿರುವನ್ನು ಕೊರೆದು ಕೊರೆದು ಬರ್ಫು ಹದಗೆಡುತ್ತದೆ. ಅದಕ್ಕೆ ಓಟಗಳ ನಡುವೆ ಬಕೆಟ್ಟಿನಲ್ಲಿ ನೀರು ತಂದು ತಿರುವುಗಳಿಗೆ ಹೊಯ್ಯುತ್ತಾರೆ, ರಬ್ಬರಿನ ಗುಬುಟುಗಳನ್ನು ತುಸು ಆಚೀಚೆ ಸರಿಸಿ ಹಾದಿಯನ್ನೇ ಬದಲಿಸುತ್ತಾರೆ. ಮಧ್ಯೆ ಮಧ್ಯೆ ಒಂದು ದೊಡ್ಡ ಯಂತ್ರ ಬಂದು ಮೇಲ್ಮೈ ಹೆರೆದು ನೀರು ಸಾರಿಸುತ್ತದೆ. ಆ ಯಂತ್ರದಲ್ಲಿರುವುದು ಬಹುತೇಕ ಕಡೆ ಬಿಸಿನೀರು! ತಣ್ಣೀರಾದರೆ ಬಿದ್ದ ಕೂಡಲೇ ಗಟ್ಟಿಯಾಗಿ ಗೀರುಗಳ ಮೇಲೆ ಸಿಪ್ಪೆಯಂತೆ ಕೂರಬಹುದು. ಬಿಸಿನೀರು ಗೀರುಗಳ ಅಂಚನ್ನು ಕರಗಿಸಿ, ಒಳಗಿಳಿದು, ಹಳೆ ಬರ್ಫಿನೊಂದಿಗೆ ಬೆರೆತು ಗಟ್ಟಿಯಾಗುತ್ತದೆ.

ಈಗ ಓಟದ ಜಾಣತನ. ಎಲ್ಲರಿಗಿಂತ ಮುಂದಿರುವವನು ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಆ ಶ್ರಮ ಕಡಿಮೆ. ಹಾಗಾಗಿ ಉದ್ದನೆಯ ಓಟಗಳ ಮೊದಲ ಸುತ್ತುಗಳಲ್ಲಿ ಮುಂದೆ ಹೋಗಲು ಯಾರಿಗೂ ಅವಸರವಿಲ್ಲದಿರುವುದನ್ನು ಕಾಣುತ್ತೀರಿ. ಕಡೆಯ ಎರಡು ಮೂರು ಸುತ್ತಿನಲ್ಲಿ ಎಲ್ಲರಿಗೂ ಒಮ್ಮೆಲೇ ಅವಸರ. ತಿರುವಿನಲ್ಲಿ ಒಳಗಿನಿಂದ ನುಗ್ಗಿದರೆ ದಾರಿ ಗಿಡ್ಡ, ಆದರೆ ವೃತ್ತ ಚಿಕ್ಕದಾಗಿ ಹೆಚ್ಚು ವಾಲಬೇಕು. ಹೊರಗಿನಿಂದ ಹೋದರೆ ವಾಲುವುದು ಕಡಿಮೆ, ದಾರಿ ದೂರ.

ಇದೆಲ್ಲ ತಿಳಿದ ಮೇಲೆ ಒಂದು ನಿಜವಾದ ಓಟ ನೋಡೋಣ. 2002ರ ಫೆಬ್ರುವರಿ 16. ಅಮೆರಿಕದ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್. ಗಂಡಸರ 1000 ಮೀಟರು ಫೈನಲ್. ಓಡುವವರು ಐವರು: ಅಮೆರಿಕದ ಅಪೊಲೊ ಓಹ್ನೊ, ದಕ್ಷಿಣ ಕೊರಿಯಾದ ಆನ್ ಹ್ಯುನ್‌ಸೂ, ಚೀನಾದ ಲೀ ಜಿಯಾಜುನ್, ಕೆನಡಾದ ಮಾಥ್ಯೂ ಟರ್ಕಾಟ್, ಮತ್ತು ಆಸ್ಟ್ರೇಲಿಯಾದ ಸ್ಟೀವನ್ ಬ್ರ್ಯಾಡ್‌ಬರಿ. ಆಸ್ಟ್ರೇಲಿಯಾ ಎಂದರೆ ನಮ್ಮ ಹಾಗೆಯೇ ಬಿಸಿಲಿನ ದೇಶ. ಚಳಿಗಾಲದ ಒಲಿಂಪಿಕ್ಸಿನಲ್ಲಿ ಅಲ್ಲಿಯವರೆಗೆ ಅದಕ್ಕೆ ಒಂದೂ ಚಿನ್ನ ಬಂದಿರಲಿಲ್ಲ.

ಬ್ರ್ಯಾಡ್‌ಬರಿಗೆ ಆಗ 28 ವರ್ಷ. 1994ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಓಡುವಾಗ ಬೇರೊಬ್ಬರ ಬ್ಲೇಡು ತಾಗಿ ಅವರ ತೊಡೆ ಸೀಳಿತ್ತು, 111 ಹೊಲಿಗೆ ಬಿದ್ದಿದ್ದವು. ಹಾದಿಯ ಒಂದು ಸುತ್ತು ಎಷ್ಟು ಮೀಟರು ಎಂದು ನೆನಪಿದೆಯಲ್ಲ? 2000ದಲ್ಲಿ ಅಭ್ಯಾಸದ ವೇಳೆ ಬಿದ್ದು ಕತ್ತಿನ ಮೂಳೆ ಮುರಿದಿತ್ತು. ಸ್ಕೇಟಿಂಗ್ ಬೂಟು ತಯಾರಿಸುವ ಉದ್ಯೋಗವೂ ಅವರಿಗಿತ್ತು. ಓಹ್ನೊ ಹಾಕಿಕೊಳ್ಳುತ್ತಿದ್ದದ್ದು ಅವರು ಮಾಡಿದ ಬೂಟೇ.

ಉಳಿದ ನಾಲ್ವರ ವೇಗ ತನಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಅವರೊಳಗೆ ನುಗ್ಗದೆ ಹಿಂದೆ ಉಳಿದರು. ಮುಂದಿನವರು ಪದಕಕ್ಕಾಗಿ ಒಬ್ಬರನ್ನೊಬ್ಬರು ಒತ್ತಿಕೊಂಡು ಹೋಗುತ್ತಾರೆ, ಬೀಳುವ ಸಂಭವ ಬಹಳ ಎಂಬುದು ಅವರ ಲೆಕ್ಕ. ಕಡೆಯ ಸುತ್ತಿಗೆ ನಾಲ್ವರೂ ಒಂದು ಗೊಂಚಲಾಗಿದ್ದರು. ಬ್ರ್ಯಾಡ್‌ಬರಿ ಹತ್ತು ಹದಿನೈದು ಮೀಟರು ಹಿಂದೆ, ಒಬ್ಬರೇ.

ಕೊನೆಯ ತಿರುವು. ಹೊರಗಿನಿಂದ ದಾಟಲು ಹೋದ ಲೀ ಮೊದಲು ಬಿದ್ದರು. ಮರುಕ್ಷಣ ಆನ್, ಓಹ್ನೊ, ಟರ್ಕಾಟ್ ಮೂವರೂ ಒಬ್ಬರಿಗೊಬ್ಬರು ಸಿಕ್ಕಿ ಬಿದ್ದರು. ಗಮನಿಸಿ, ಬಿದ್ದವರು ಯಾರೂ ತಿರುವಿನ ಹಾದಿ ಹಿಡಿದು ಸಾಗಲಿಲ್ಲ. ಬ್ಲೇಡಿನ ಅಂಚು ಬರ್ಫಿನಿಂದ ಎದ್ದ ಕೂಡಲೇ ಎಡಕ್ಕೆ ತಳ್ಳುವವರು ಇಲ್ಲವಾದರು. ಬಸ್ಸಿನ ಬುಟ್ಟಿಯಂತೆ ಅವರೂ ನೇರ ಹೊರಟರು, ಜಾರುತ್ತ ಹೊರಗಿನ ಮೆತ್ತೆಗೋಡೆಯ ಕಡೆ. ನಿಮ್ಮ ಸುಣ್ಣದ ಗೆರೆಯ ಯಾವುದೇ ತಿರುವಿನಲ್ಲಿ ಒಂದು ನೇರ ಕೋಲನ್ನು ಗೆರೆಗೆ ತಾಗಿಸಿ ಇಟ್ಟರೆ, ಅದು ತೋರಿಸುವ ದಿಕ್ಕೇ ಬಿದ್ದವರ ದಿಕ್ಕು.

ಹದಿನೈದು ಮೀಟರನ್ನು ಸೆಕೆಂಡಿಗೆ ಹನ್ನೆರಡು ಮೀಟರಿನ ವೇಗದಿಂದ ಭಾಗಿಸಿ. ಒಂದೂ ಕಾಲು ಸೆಕೆಂಡು. ಬ್ರ್ಯಾಡ್‌ಬರಿ ಕೈಯಲ್ಲಿದ್ದದ್ದು ಇಷ್ಟೇ ಹೊತ್ತು. ಅಷ್ಟರಲ್ಲಿ ನಾಲ್ವರೂ ಜಾರಿ ಹಾದಿ ಬಿಟ್ಟುಕೊಟ್ಟಿದ್ದರು. ಬ್ರ್ಯಾಡ್‌ಬರಿ ನೆಟ್ಟಗೆ ಬಂದು ಗೆರೆ ದಾಟಿದರು, 1 ನಿಮಿಷ 29.109 ಸೆಕೆಂಡಿಗೆ. ಓಹ್ನೊ ಹೇಗೋ ಎದ್ದು ಬ್ಲೇಡನ್ನು ಗೆರೆಯಾಚೆ ಚಾಚಿ ಬೆಳ್ಳಿ ಪಡೆದರು, ಟರ್ಕಾಟ್ ಕಂಚು. ಆಸ್ಟ್ರೇಲಿಯಾಕ್ಕಷ್ಟೇ ಅಲ್ಲ, ಭೂಮಿಯ ದಕ್ಷಿಣಾರ್ಧಕ್ಕೇ ಅದು ಚಳಿಗಾಲದ ಒಲಿಂಪಿಕ್ಸಿನ ಮೊದಲ ಚಿನ್ನ. ಕೆಲವೇ ದಿನಗಳಲ್ಲಿ ಬ್ರ್ಯಾಡ್‌ಬರಿಯ ಚಿತ್ರದ ಅಂಚೆಚೀಟಿಯೂ ಬಂತು.

ಬಿಟ್ಟಿ ಚಿನ್ನ ಎಂದು ನಕ್ಕವರಿದ್ದಾರೆ. ನಾನು ಆ ಗುಂಪಿನವನಲ್ಲ. ಕೊನೆಯವರಾಗಿದ್ದರೂ ಹದಿನೆಂಟು ತಿರುವುಗಳಲ್ಲಿ ಒಂದರಲ್ಲೂ ಅವರ ಅಂಚು ತಪ್ಪಲಿಲ್ಲ.

ನಮ್ಮ ದೇಶಕ್ಕೂ ಈ ಆಟ ಬಂದಿದೆ. ಡೆಹ್ರಾಡೂನಿನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಬರ್ಫಿನ ಅಂಗಳ ಕಟ್ಟಿದರು, ಹೆಸರು ಹಿಮಾದ್ರಿ. ಬಹಳ ವರ್ಷ ಮುಚ್ಚಿತ್ತು. ಮತ್ತೆ ತೆರೆದ ಮೇಲೆ 2025ರ ಆಗಸ್ಟಿನಲ್ಲಿ ಅಲ್ಲಿ ಏಷ್ಯಾದ ದೇಶಗಳ ಶಾರ್ಟ್ ಟ್ರ್ಯಾಕ್ ಸ್ಪರ್ಧೆ ನಡೆಯಿತು. ಲೇಹ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ, ಬರ್ಫೇ ಬೀಳದ ನಮ್ಮ ಕರ್ನಾಟಕದವರೂ ಸ್ಕೇಟಿಂಗ್ ಪದಕಗಳನ್ನು ಗೆದ್ದಿದ್ದಾರೆ. ಇಂಥವರಲ್ಲಿ ಹೆಚ್ಚಿನವರು ಮೊದಲು ಕಲಿಯುವುದು ಗಾಲಿ ಸ್ಕೇಟಿನ ಮೇಲೆ. ಕಲಬುರಗಿಯಲ್ಲಿ ಸಂಜೆ ಗಾಲಿ ಸ್ಕೇಟು ಕಟ್ಟಿಕೊಂಡು ಎಡಕ್ಕೆ ಸುತ್ತುವ ಮಕ್ಕಳಿಗೆ ವಾಲುವ ಪಾಠ ಅರ್ಧ ಆದಂತೆಯೇ.

ಹಾಗಾದರೆ ಕಲಬುರಗಿಯಲ್ಲೇ ಬರ್ಫಿನ ಅಂಗಳ ಮಾಡಬಹುದೇ ಎಂದು ನೀವು ಕೇಳುತ್ತೀರಿ, ಕೇಳಬೇಕು. ಮಾಡಬಹುದು. ಬರ್ಫು ಬೇಕಾಗುವುದು ಮೂರ್ನಾಲ್ಕು ಸೆಂಟಿಮೀಟರು ದಪ್ಪ ಮಾತ್ರ. ಅದರ ಕೆಳಗಿನ ಕಾಂಕ್ರೀಟಿನಲ್ಲಿ ಸಾಲಾಗಿ ಕೊಳವೆಗಳನ್ನು ಹೂತು, ಹೆಪ್ಪುಗಟ್ಟದಂಥ ಅತಿ ತಣ್ಣನೆಯ ಉಪ್ಪುನೀರನ್ನೋ ಬೇರೆ ದ್ರವವನ್ನೋ ಹರಿಸುತ್ತಾರೆ. ಅದು ಬರ್ಫಿನ ಬಿಸಿಯನ್ನು ಹೊತ್ತು ಹೊರಗಿನ ಯಂತ್ರಕ್ಕೆ ಒಯ್ಯುತ್ತದೆ, ಯಂತ್ರ ಆ ಬಿಸಿಯನ್ನು ಹೊರಗಿನ ಗಾಳಿಗೆ ಬಿಡುತ್ತದೆ. ಮನೆಯ ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದೂ ಇದರಿಂದಲೇ.

ತೊಡಕಿರುವುದು ಕರೆಂಟಿನ ಬಿಲ್ಲಿನಲ್ಲಿ. ಒಳಗೆ ಸೊನ್ನೆಗಿಂತ 6 ಡಿಗ್ರಿ ಕೆಳಗೆ, ಹೊರಗೆ 43. ನಡುವೆ 49 ಡಿಗ್ರಿಯ ಅಂತರ. ನೀರನ್ನು ಎತ್ತರದ ಟಾಕಿಗೆ ಏರಿಸಿದಷ್ಟೂ ಪಂಪು ಹೆಚ್ಚು ದುಡಿಯುವ ಹಾಗೆ, ಈ ಅಂತರ ಹೆಚ್ಚಿದಷ್ಟೂ ಯಂತ್ರ ಹೆಚ್ಚು ದುಡಿಯಬೇಕು. ಜಾಣರು ಕಟ್ಟಿದ ಅಂಗಳಗಳಲ್ಲಿ ಹೊರಗೆ ಹೋಗುವ ಆ ಬಿಸಿಯನ್ನೂ ಪೂರ್ತಿ ಬಿಸಾಡುವುದಿಲ್ಲ. ಗೀರು ತುಂಬುವ ಯಂತ್ರಕ್ಕೆ ಬಿಸಿನೀರು ಬೇಕಲ್ಲ, ಅದನ್ನು ಕಾಯಿಸುವುದು ಬರ್ಫಿನಿಂದ ತೆಗೆದ ಬಿಸಿಯಲ್ಲೇ.